ಎಲೆಸ್ಕ್ಲೊಮಾಲ್ (ತಾಮ್ರವನ್ನು ಕೋಶದೊಳಕ್ಕೆ ಹೊರುವ ಔಷಧಿ) ಕೊಟ್ಟಾಗ ಕೋಶ ಸಾಯುತ್ತದೆ, ಸರಿ. ತಾಮ್ರದಿಂದಲೇ ಸತ್ತಿತು ಎಂದು ತೋರಿಸುವುದು ಹೇಗೆ?

ಕೋಶಪಾಲ (ಪ್ರಶ್ನೆ)

ಶ್ವಾಸಕೋಶದ ಕ್ಯಾನ್ಸರಿನ ಒಂದು ಸೆಲ್ ಲೈನ್ ಮೇಲೆ ಎಲೆಸ್ಕ್ಲೊಮಾಲ್ ಪರೀಕ್ಷೆ ನಡೆದಿದೆ. ಮೀಡಿಯಂ (ಕೋಶ ಬೆಳೆಸುವ ದ್ರವ) ಆರ್‌ಪಿಎಂಐ 1640, ಜೊತೆಗೆ 10% ಭ್ರೂಣಕರುವಿನ ಸೀರಮ್. 96 ವೆಲ್ ಪ್ಲೇಟಿನಲ್ಲಿ ವೆಲ್‌ಗೆ 5,000 ಕೋಶ. ಎಲೆಸ್ಕ್ಲೊಮಾಲ್ 1ರಿಂದ 300 ನ್ಯಾನೊಮೋಲಾರ್, 72 ಗಂಟೆ, ಕೊನೆಗೆ ಎಟಿಪಿ (ಕೋಶದ ಶಕ್ತಿಯ ಅಣು) ರೀಡಿಂಗ್. ತಾಮ್ರವನ್ನು ಬೇರೆಯಾಗಿ ಸೇರಿಸಿಲ್ಲ, ಸೀರಮ್‌ನಲ್ಲಿರುವುದೇ ಸಾಕು ಎಂಬ ಲೆಕ್ಕ.

ತೊಡಕುಗಳು ಹೀಗಿವೆ:

1. ಸೀರಮ್ ಲಾಟ್ ಬದಲಾದ ಮೇಲೆ ಐಸಿ50 (ರೀಡಿಂಗ್ ಅರ್ಧಕ್ಕೆ ಇಳಿಸುವ ಡೋಸ್) ಐದಾರು ಪಟ್ಟು ಏರಿದೆ. ಕೋಶ ಅದೇ, ಔಷಧಿಯ ಸ್ಟಾಕ್ ಅದೇ.

2. ತಾಮ್ರ ಹಿಡಿಯುವ ಟೆಟ್ರಾಥಯೊಮಾಲಿಬ್ಡೇಟ್ 20 ಮೈಕ್ರೊಮೋಲಾರ್ ಕೊಟ್ಟರೆ ಕೋಶಗಳು ಪೂರ್ತಿ ಉಳಿಯುತ್ತವೆ, ಫೆರೊಪ್ಟೋಸಿಸ್ (ಕಬ್ಬಿಣದಿಂದಾಗುವ ಕೋಶದ ಸಾವು) ತಡೆಯುವ ಫೆರೊಸ್ಟಾಟಿನ್-1 ಕೊಟ್ಟರೆ ಉಳಿಯುವುದಿಲ್ಲ. ಇಲ್ಲಿಯವರೆಗೆ ಕ್ಯುಪ್ರೊಪ್ಟೋಸಿಸ್ (ತಾಮ್ರದಿಂದಾಗುವ ಕೋಶದ ಸಾವು) ಎನ್ನಬಹುದು. ಆದರೆ ಉತ್ಕರ್ಷಣ ನಿರೋಧಕವಾದ ಎನ್-ಅಸಿಟೈಲ್ ಸಿಸ್ಟೀನ್ 5 ಮಿಲಿಮೋಲಾರ್ ಕೊಟ್ಟರೂ ಪೂರ್ತಿ ಉಳಿಯುತ್ತವೆ. ಹಿಂದಿನ ರಾತ್ರಿಯಿಂದ ಕಬ್ಬಿಣ ಹಿಡಿಯುವ ಡಿಫೆರಾಕ್ಸಮೀನ್ 100 ಮೈಕ್ರೊಮೋಲಾರ್ ಕೊಟ್ಟಿದ್ದರೆ ಸುಮಾರು ಅರ್ಧ ಉಳಿಯುತ್ತವೆ. ಹಾಗಾದರೆ ಕೊಲ್ಲುತ್ತಿರುವುದು ತಾಮ್ರವೋ, ಕಬ್ಬಿಣವೋ, ಆಕ್ಸಿಡೇಟಿವ್ ಒತ್ತಡವೋ?

3. ಹೋಲಿಕೆಗೆ ಇನ್ನೊಂದು ತಾಮ್ರದ ಅಯೋನೊಫೋರ್ (ಲೋಹವನ್ನು ಪೊರೆ ದಾಟಿಸುವ ಅಣು) ಎಂದು ಡೈಸಲ್ಫಿರಾಮ್ ಇಟ್ಟುಕೊಳ್ಳಬಹುದೇ?

---

ಉಸಿರುಪೆಟ್ಟಿಗೆ

ಮೊದಲು ಸೀರಮ್ ವಿಚಾರ, ಯಾಕೆಂದರೆ ಅದು ಸರಿಹೋಗದೆ ಉಳಿದದ್ದನ್ನು ಅಳೆದು ಪ್ರಯೋಜನವಿಲ್ಲ.

ಆರ್‌ಪಿಎಂಐ 1640 ಸೂತ್ರದಲ್ಲಿ ತಾಮ್ರವೇ ಇಲ್ಲ. ಇನ್ನೊಂದು ಮಾಮೂಲಿ ಮೀಡಿಯಂ ಆದ ಡಿಎಂಇಎಂನಲ್ಲೂ ಇಲ್ಲ, ಅದರಲ್ಲಿರುವುದು ಲೀಟರಿಗೆ 0.1 ಮಿಲಿಗ್ರಾಂ ಫೆರಿಕ್ ನೈಟ್ರೇಟ್ ಮಾತ್ರ. ಡಿಎಂಇಎಂ/ಎಫ್12 ಮಿಶ್ರಣದಲ್ಲಿ ತಾಮ್ರದ ಸಲ್ಫೇಟ್ ಅತ್ಯಲ್ಪ ಇದೆ. ಅಂದರೆ ನಿಮ್ಮ ವೆಲ್‌ನಲ್ಲಿರುವ ತಾಮ್ರವೆಲ್ಲ ಸೀರಮ್ ತಂದದ್ದು, ಅದು ಲಾಟ್‌ನಿಂದ ಲಾಟ್‌ಗೆ ಬದಲಾಗುತ್ತದೆ. ಎಲೆಸ್ಕ್ಲೊಮಾಲ್ ಒಂದು ಅಣುವಿಗೆ ಒಂದು ತಾಮ್ರ(2) ಹಿಡಿಯುತ್ತದೆ. ತಾಮ್ರ ಹಿಡಿಯದ ಎಲೆಸ್ಕ್ಲೊಮಾಲ್ ಬರಿಗೈಯಲ್ಲಿ ಓಡಾಡುವ ಹಮಾಲಿ, ಕೋಶಕ್ಕೆ ಏನನ್ನೂ ಹೊತ್ತು ತರುವುದಿಲ್ಲ. ಮೇಲಾಗಿ ಸೀರಮ್‌ನ ಆಲ್ಬುಮಿನ್‌ನ ತುದಿಯಲ್ಲಿ ತಾಮ್ರವನ್ನು ಬಿಗಿಯಾಗಿ ಹಿಡಿಯುವ ಜಾಗವಿದೆ. ಅದರ ಜೊತೆಗೂ ಪೈಪೋಟಿ ನಡೆಯುತ್ತದೆ. ನೀವು ಅಳೆದದ್ದು ಔಷಧಿಯ ಐಸಿ50 ಅಲ್ಲ, ಔಷಧಿಯೂ ಆ ಬಾಟಲಿಯೂ ಸೇರಿದ ಐಸಿ50.

ಪರಿಹಾರ ಸುಲಭ: ಎಲ್ಲ ವೆಲ್‌ಗಳಿಗೂ 1 ಮೈಕ್ರೊಮೋಲಾರ್ ತಾಮ್ರದ ಕ್ಲೋರೈಡ್ ಹಾಕಿ. ಕಂಟ್ರೋಲ್ ವೆಲ್‌ಗಳಿಗೂ ಹಾಕಬೇಕು, ಇದನ್ನೇ ಮರೆಯುವುದು ಹೆಚ್ಚು. ನಿಮ್ಮ ಅತಿ ಹೆಚ್ಚಿನ ಡೋಸ್ 300 ನ್ಯಾನೊಮೋಲಾರ್ ಆದ್ದರಿಂದ ತಾಮ್ರ ಮೂರು ಪಟ್ಟಿಗಿಂತ ಹೆಚ್ಚಿರುತ್ತದೆ. ತಾಮ್ರದ ಕ್ಲೋರೈಡ್ ಡೈಹೈಡ್ರೇಟ್ ಮಿಲಿಲೀಟರಿಗೆ 1.7 ಮಿಲಿಗ್ರಾಂ ನೀರಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಎಲೆಸ್ಕ್ಲೊಮಾಲ್ ಮಿಲಿಲೀಟರಿಗೆ 4 ಮಿಲಿಗ್ರಾಂ ಡಿಎಂಎಸ್ಒದಲ್ಲಿ ಕರಗಿಸಿದರೆ ಅದೂ 10 ಮಿಲಿಮೋಲಾರ್. ಎರಡನ್ನೂ ಸ್ಟಾಕ್ ಮಟ್ಟದಲ್ಲೇ ನೀರಿನಲ್ಲಿ ಬೆರೆಸಬೇಡಿ, ಸಂಕೀರ್ಣ ಕೆಳಗೆ ಕೂರುತ್ತದೆ. ಮೊದಲು ತಾಮ್ರವನ್ನು ಮೀಡಿಯಂಗೆ ಹಾಕಿ, ಆಮೇಲೆ ತೆಳುಗೊಳಿಸಿದ ಎಲೆಸ್ಕ್ಲೊಮಾಲ್ ಸೇರಿಸಿ. ಕೊನೆಯ ಡಿಎಂಎಸ್ಒ 0.1% ದಾಟದಿರಲಿ.

ಆರ್‌ಪಿಎಂಐ ಬಗ್ಗೆ ಇನ್ನೊಂದು ಮಾತು. ಅದರಲ್ಲಿ ಲೀಟರಿಗೆ 1 ಮಿಲಿಗ್ರಾಂ ಗ್ಲುಟಥಯೋನ್ ಇದೆ, ಸುಮಾರು 3 ಮೈಕ್ರೊಮೋಲಾರ್. ಗ್ಲುಟಥಯೋನ್ ತಾಮ್ರವನ್ನು ಹಿಡಿದಿಡುವ ಥಯಾಲ್ (ಗಂಧಕದ ತುದಿಯಿರುವ ಅಣು). ಡಿಎಂಇಎಂನಲ್ಲಿ ಮಾಡಿದವರ ಅಂಕಿಯ ಜೊತೆ ನಿಮ್ಮ ಅಂಕಿಯನ್ನು ನೇರವಾಗಿ ಹೋಲಿಸಬೇಡಿ.

ಸಕ್ಕರೆಯ ವಿಚಾರ ಇದಕ್ಕಿಂತ ದೊಡ್ಡದು. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಮೂಲ ಕೆಲಸದಲ್ಲಿ, ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ತಿಂದು ಮೈಟೊಕಾಂಡ್ರಿಯದ ಉಸಿರಾಟವನ್ನೇ ನೆಚ್ಚಿದ ಕೋಶಗಳು ಹತ್ತಿರಹತ್ತಿರ ಸಾವಿರ ಪಟ್ಟು ಸುಲಭವಾಗಿ ಸತ್ತವು. ಕಾರಣವೂ ಗೊತ್ತು: ತಾಮ್ರ ಹೋಗಿ ಅಂಟುವುದು ಟಿಸಿಎ ಚಕ್ರದ (ಮೈಟೊಕಾಂಡ್ರಿಯ ಶಕ್ತಿ ತೆಗೆಯುವ ಸರಣಿ) ಲಿಪಾಯ್ಲ್ ಕೊಂಡಿ (ಗಂಧಕವಿರುವ ಸಣ್ಣ ಬಾಲ) ಇರುವ ಕಿಣ್ವಗಳಿಗೆ, ಮುಖ್ಯವಾಗಿ ಡಿಎಲ್ಎಟಿ ಎಂಬ ಕಿಣ್ವಕ್ಕೆ. ಆ ದಾರಿಯನ್ನು ಬಳಸದ ಕೋಶಕ್ಕೆ ಪೆಟ್ಟು ಕಡಿಮೆ. ಆರ್‌ಪಿಎಂಐನ 11 ಮಿಲಿಮೋಲಾರ್ ಗ್ಲೂಕೋಸ್‌ನಲ್ಲಿ ನಿಮ್ಮ ಕೋಶಗಳು ಬಹುಪಾಲು ಗ್ಲೈಕಾಲಿಸಿಸ್ (ಮೈಟೊಕಾಂಡ್ರಿಯ ಬೇಡದ ಸಕ್ಕರೆ ಒಡೆಯುವಿಕೆ) ಮೇಲೆ ನಡೆಯುತ್ತಿರಬಹುದು. ಗ್ಲೂಕೋಸ್ ಇಲ್ಲದ ಮೀಡಿಯಂ, 10 ಮಿಲಿಮೋಲಾರ್ ಗ್ಯಾಲಕ್ಟೋಸ್, 1 ಮಿಲಿಮೋಲಾರ್ ಪೈರುವೇಟ್ ಇಟ್ಟು ಸಮಾನಾಂತರವಾಗಿ ಒಂದು ಪ್ಲೇಟ್ ಓಡಿಸಿ. ಸೀರಮ್ ಡಯಾಲೈಸ್ ಮಾಡಿದ್ದಿರಬೇಕು (ಸಣ್ಣ ಅಣುಗಳನ್ನು ಸೋಸಿ ತೆಗೆದದ್ದು). ಮಾಮೂಲಿ ಸೀರಮ್‌ನಲ್ಲೇ ಗ್ಲೂಕೋಸ್ ಇರುವುದರಿಂದ 10% ಹಾಕಿದರೆ ‘ಗ್ಲೂಕೋಸ್ ಇಲ್ಲದ’ ಎಂಬ ಮಾತು ಸುಳ್ಳಾಗುತ್ತದೆ. ಕೋಶಗಳಿಗೆ ಹೊಂದಿಕೊಳ್ಳಲು ಕೆಲವು ದಿನ ಬೇಕು, ಹಾಕಿದ ದಿನವೇ ಔಷಧಿ ಕೊಡಬೇಡಿ.

ಎಟಿಪಿ ರೀಡಿಂಗ್ ಒಂದನ್ನೇ ನಂಬಬೇಡಿ. ನೀವು ಹೊಡೆಯುತ್ತಿರುವುದೇ ಎಟಿಪಿ ಕಾರ್ಖಾನೆಗೆ. ಕೋಶ ಜೀವಂತವಿದ್ದೂ ಎಟಿಪಿ ಇಳಿದಿರಬಹುದು. ಎಂಟಿಟಿ ಎಂಬ ಬಣ್ಣದ ಪರೀಕ್ಷೆ ಇನ್ನೂ ಕೆಟ್ಟದ್ದು, ಥಯಾಲ್‌ಗಳೇ ಅದನ್ನು ಅಪಕರ್ಷಿಸಿ ಬಣ್ಣ ಬರಿಸುತ್ತವೆ, ಅಸಿಟೈಲ್ ಸಿಸ್ಟೀನ್ ಇರುವ ವೆಲ್ ಸುಮ್ಮನೆ ‘ಬದುಕಿದಂತೆ’ ಕಾಣುತ್ತದೆ. ಪ್ರೊಪಿಡಿಯಂ ಅಯೋಡೈಡ್‌ನಂಥ ಬದುಕಿದ ಕೋಶದ ಪೊರೆ ದಾಟದ, ಪೊರೆ ಹರಿದ ಕೋಶಕ್ಕೆ ಮಾತ್ರ ನುಗ್ಗುವ ಬಣ್ಣದಲ್ಲಿ ಸತ್ತವನ್ನು ಎಣಿಸಿ, ಬದುಕಿದವನ್ನು ಕ್ರಿಸ್ಟಲ್ ವಯೊಲೆಟ್ ಅಥವಾ ಕಾಲೊನಿ ಎಣಿಕೆಯಲ್ಲಿ ನೋಡಿ.

72 ಗಂಟೆ ಔಷಧಿಯಲ್ಲೇ ನೆನೆಸಿಡುವ ಬದಲು 2 ಗಂಟೆಯ ಪಲ್ಸ್ ಕೊಟ್ಟು ತೊಳೆಯಿರಿ. ಅದೇ 2022ರ ಕೆಲಸದಲ್ಲಿ 40 ನ್ಯಾನೊಮೋಲಾರ್‌ನ 2 ಗಂಟೆಯ ಪಲ್ಸ್ ಕೋಶದ ತಾಮ್ರವನ್ನು 15ರಿಂದ 60 ಪಟ್ಟು ಏರಿಸಿತು, ಸಾವು 24 ಗಂಟೆ ಕಳೆದ ಮೇಲೆ ಬಂತು. ತಾಮ್ರ ಒಳಗೆ ಹೋಗುವುದು ಮತ್ತು ಕೋಶ ಸಾಯುವುದು ಎರಡು ಬೇರೆ ಘಟನೆಗಳಾಗಿ ಕಾಣಬೇಕಾದರೆ ಪಲ್ಸ್ ಬೇಕು. ಎರಡನೇ ಪ್ರಶ್ನೆಗೂ ಇದೇ ಕೀಲಿಕೈ.

---

ಲಿಪಾಯ್ಲ್

ಎರಡನೇ ಪ್ರಶ್ನೆ ಹಿಡಿಯುತ್ತೇನೆ.

ಅಸಿಟೈಲ್ ಸಿಸ್ಟೀನ್ ಕಾಪಾಡಿತು ಎಂದ ಮಾತ್ರಕ್ಕೆ ಆಕ್ಸಿಡೇಟಿವ್ ಒತ್ತಡ ಸಾಬೀತಾಗುವುದಿಲ್ಲ. ಅದು ಥಯಾಲ್. 5 ಮಿಲಿಮೋಲಾರ್ ಎಂದರೆ ನಿಮ್ಮ ತಾಮ್ರಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ತಾಮ್ರವನ್ನು ನೇರವಾಗಿ ಹಿಡಿದುಬಿಡುತ್ತದೆ, ಒಳಗೆ ಹೋದದ್ದು ಗ್ಲುಟಥಯೋನ್ ಹೆಚ್ಚಿಸಿ ಅಲ್ಲೂ ಹಿಡಿಸುತ್ತದೆ. ಇದರ ಜೊತೆ ಥಯಾಲ್ ಅಲ್ಲದ ಉತ್ಕರ್ಷಣ ನಿರೋಧಕ ಒಂದನ್ನಾದರೂ ಇಡಿ, ಟ್ರೊಲಾಕ್ಸ್ ಆಗಬಹುದು. ಟ್ರೊಲಾಕ್ಸ್ ಕಾಪಾಡದೆ ಅಸಿಟೈಲ್ ಸಿಸ್ಟೀನ್ ಮಾತ್ರ ಕಾಪಾಡಿದರೆ ಅದು ಕಿಲೇಟರ್ (ಲೋಹ ಹಿಡಿಯುವ ಅಣು) ಆಗಿ ಕೆಲಸ ಮಾಡಿದೆ ಎಂದೇ ಅರ್ಥ. ತಿರುವು ಹಾಕಿಯೂ ನೋಡಿ: ಬ್ಯುಥಯೋನಿನ್ ಸಲ್ಫಾಕ್ಸಿಮೈನ್ ಕೊಟ್ಟು ಗ್ಲುಟಥಯೋನ್ ಬರಿದು ಮಾಡಿದರೆ ತಾಮ್ರದ ಸಾವು ಹೆಚ್ಚಬೇಕು.

ಟೆಟ್ರಾಥಯೊಮಾಲಿಬ್ಡೇಟ್ ಫಲಿತಾಂಶ ಒಳ್ಳೆಯದೇ, ಆದರೆ ಔಷಧಿಯ ಜೊತೆಯಲ್ಲೇ ಹಾಕಿದ್ದರೆ ತಾಮ್ರವನ್ನು ಅದು ಹೊರಗೆ, ಮೀಡಿಯಂನಲ್ಲೇ ಹಿಡಿದಿರಬಹುದು. ಪಲ್ಸ್ ಮುಗಿದು ತೊಳೆದ ಮೇಲೆ ಹಾಕಿ. ಆಗಲೂ ಉಳಿದರೆ ಒಳಗಿನ ತಾಮ್ರವೇ ಕೊಲ್ಲುತ್ತಿತ್ತು ಎನ್ನಲು ಬಲ ಬರುತ್ತದೆ. ಹೊರಗಿನ ಕಂಟ್ರೋಲ್‌ಗೆ ಬ್ಯಾಥೊಕ್ಯುಪ್ರಾಯಿನ್ ಡೈಸಲ್ಫೋನೇಟ್ ಬಳಸಬಹುದು. ಅದು ವಿದ್ಯುದಾವೇಶ ಇರುವ ಅಣು, ಪೊರೆ ದಾಟುವುದಿಲ್ಲ. ನೆನಪಿರಲಿ, ಅದು ಹಿಡಿಯುವುದು ತಾಮ್ರ(1) ಅನ್ನು, ಎಲೆಸ್ಕ್ಲೊಮಾಲ್ ಹೊರುವುದು ತಾಮ್ರ(2) ಅನ್ನು. ಆದ್ದರಿಂದ ಅದು ಕಾಪಾಡದಿದ್ದರೆ ಗಾಬರಿ ಬೇಡ. ಟೆಟ್ರಾಥಯೊಮಾಲಿಬ್ಡೇಟ್ ದ್ರಾವಣವನ್ನು ಆಯಾ ದಿನವೇ ಮಾಡಿ. ಕೆಂಪು ಮಿಶ್ರಿತ ಕಿತ್ತಳೆ ಬಣ್ಣ ಮಾಸುತ್ತಿದ್ದರೆ ಅಣು ಒಡೆಯುತ್ತಿದೆ. ಆಮ್ಲ ತಾಗಿದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಕೊಳೆತ ಮೊಟ್ಟೆಯ ವಾಸನೆ ಬಂದ ಸ್ಟಾಕ್ ಎಸೆಯುವುದಕ್ಕೆ ಮಾತ್ರ ಲಾಯಕ್ಕು.

ಡಿಫೆರಾಕ್ಸಮೀನ್ ವಿಚಾರ ಸ್ವಾರಸ್ಯಕರ. ಅದು ಕೋಶದೊಳಕ್ಕೆ ನಿಧಾನವಾಗಿ, ಎಂಡೊಸೈಟೋಸಿಸ್ ಮೂಲಕ ಹೋಗುವ ದೊಡ್ಡ ಅಣು. ಒಂದು ರಾತ್ರಿ ಸಿಕ್ಕರೆ ಕಬ್ಬಿಣವನ್ನು ಬರಿದು ಮಾಡುತ್ತದೆ. ಈಗ ಯೋಚಿಸಿ: ಡಿಎಲ್ಎಟಿಗೆ ಲಿಪಾಯ್ಲ್ ಕೊಂಡಿ ಜೋಡಿಸುವ ಲಿಯಾಸ್ ಕಬ್ಬಿಣ-ಗಂಧಕದ ಗುಚ್ಛ ಬೇಕಾದ ಕಿಣ್ವ. ಎಲೆಸ್ಕ್ಲೊಮಾಲ್‌ನಿಂದ ತಾಮ್ರವನ್ನು ಬಿಡಿಸುವ ಎಫ್‌ಡಿಎಕ್ಸ್1 ಕೂಡ ಅಂಥದೇ ಪ್ರೋಟೀನ್. ಕಬ್ಬಿಣ ಇಲ್ಲದಿದ್ದರೆ ಗುರಿಯೇ ಮಾಯ. ಕೊಲ್ಲುತ್ತಿದ್ದುದು ತಾಮ್ರವೇ, ಅದು ಹೊಡೆಯಬೇಕಿದ್ದ ಹಲಗೆಯನ್ನು ಡಿಫೆರಾಕ್ಸಮೀನ್ ತೆಗೆದಿಟ್ಟಿದೆ, ಅಷ್ಟೆ. ಪರೀಕ್ಷೆ ಹೀಗೆ: ಹಿಂದಿನ ರಾತ್ರಿ ಕೊಟ್ಟದ್ದು, ಪಲ್ಸ್ ಜೊತೆಗೆ ಕೊಟ್ಟದ್ದು, ಪಲ್ಸ್ ಆದ ಮೇಲೆ ಕೊಟ್ಟದ್ದು, ಮೂರನ್ನೂ ಹೋಲಿಸಿ. ರಾತ್ರಿ ಕೊಟ್ಟದ್ದು ಮಾತ್ರ ಕಾಪಾಡಿದರೆ, ಲಿಪೋಯಿಕ್ ಆಮ್ಲದ ಪ್ರತಿಕಾಯದಿಂದ ವೆಸ್ಟರ್ನ್ ಬ್ಲಾಟ್ ಮಾಡಿ. ಸುಮಾರು 70 ಕಿಲೊಡಾಲ್ಟನ್‌ನಲ್ಲಿ ಡಿಎಲ್ಎಟಿ, 50ರ ಹತ್ತಿರ ಅದೇ ಕೊಂಡಿ ಇರುವ ಇನ್ನೊಂದು ಕಿಣ್ವ ಡಿಎಲ್ಎಸ್‌ಟಿ ಪಟ್ಟೆ ಇರಬೇಕು. ಡಿಫೆರಾಕ್ಸಮೀನ್ ಕೊಟ್ಟ ಕೋಶದಲ್ಲಿ ಅವು ತೆಳುವಾಗಿದ್ದರೆ ಉತ್ತರ ಸಿಕ್ಕಿತು.

‘ಡಿಫೆರಾಕ್ಸಮೀನ್ ಎಚ್‌ಐಎಫ್ (ಆಮ್ಲಜನಕ ಕಡಿಮೆಯಾದಾಗ ಏರುವ ಪ್ರೋಟೀನ್) ಏರಿಸುತ್ತದಲ್ಲ, ಅದರಿಂದ ಇರಬಹುದು’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ರೊಕ್ಸಾಡುಸ್ಟಾಟ್ ಒಂದು ಕಾಲಮ್ ಇಡಿ. 2022ರ ಕೆಲಸದಲ್ಲಿ 1% ಆಮ್ಲಜನಕ ಕೋಶಗಳನ್ನು ಗಟ್ಟಿ ಮಾಡಿತು, ಮಾಮೂಲಿ ಆಮ್ಲಜನಕದಲ್ಲಿ ರೊಕ್ಸಾಡುಸ್ಟಾಟ್‌ನಿಂದ ಎಚ್‌ಐಎಫ್ ಏರಿಸಿದ್ದು ಹಾಗೆ ಮಾಡಲಿಲ್ಲ.

ಫೆರೊಸ್ಟಾಟಿನ್ ಕೆಲಸ ಮಾಡಲಿಲ್ಲ ಎನ್ನುವ ಮೊದಲು ಅದೇ ಪ್ಲೇಟಿನಲ್ಲಿ ಫೆರೊಪ್ಟೋಸಿಸ್ ತರುವ ಆರ್‌ಎಸ್ಎಲ್3 ಕೊಟ್ಟ ವೆಲ್‌ಗಳನ್ನು 1-2 ಮೈಕ್ರೊಮೋಲಾರ್ ಫೆರೊಸ್ಟಾಟಿನ್ ಕಾಪಾಡಿತೇ ನೋಡಿ. ಹಾಗೆಯೇ ಅಪೊಪ್ಟೋಸಿಸ್ (ಕೋಶದ ಯೋಜಿತ ಸಾವು) ತಡೆಯುವ ಝಡ್‌ವ್ಯಾಡ್‌ಗೆ ಅದನ್ನು ತರುವ ಸ್ಟಾರೊಸ್ಪೊರಿನ್. ಕೆಟ್ಟುಹೋದ ತಡೆಕಾರಕವೂ ‘ಕಾಪಾಡಲಿಲ್ಲ’ ಎಂಬ ಫಲಿತಾಂಶವನ್ನೇ ಕೊಡುತ್ತದೆ.

ಡಿಎಲ್ಎಟಿ ಒಟ್ಟುಗೂಡಿದ್ದನ್ನು ತೋರಿಸಬೇಕಾದರೆ ಕೋಶ ಒಡೆಯುವ ಬಫರ್‌ಗೆ 10-20 ಮಿಲಿಮೋಲಾರ್ ಎನ್-ಈಥೈಲ್ ಮೆಲೈಮೈಡ್ ಹಾಕಿ, ಸ್ಯಾಂಪಲ್ ಬಫರ್‌ನಲ್ಲಿ ಮರ್ಕಾಪ್ಟೊಎಥನಾಲ್ ಬಿಟ್ಟುಬಿಡಿ. ಡೈಸಲ್ಫೈಡ್ ಕೊಂಡಿಯಿಂದ ಆದ ಗಂಟು ಅಪಕರ್ಷಕ ತಗುಲಿದ ಕೂಡಲೇ ಬಿಚ್ಚಿಹೋಗುತ್ತದೆ, ಆಮೇಲೆ ಜೆಲ್‌ನಲ್ಲಿ ಏನೂ ಕಾಣುವುದಿಲ್ಲ.

---

ಐಸೋಟೋಪು63

ಮೇಲಿನವರು ಹೇಳಿದ್ದೆಲ್ಲ ತಾಮ್ರ ಒಳಗೆ ಹೋಗಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅಳೆಯಿರಿ. ಐಸಿಪಿ-ಎಂಎಸ್ (ಲೋಹವನ್ನು ಪರಮಾಣು ತೂಕದಿಂದ ಗುರುತಿಸಿ ಅಳೆಯುವ ಯಂತ್ರ) ಸಿಗುವುದಾದರೆ ಹೀಗೆ:

ಒಂದು ಸ್ಯಾಂಪಲ್‌ಗೆ 20ರಿಂದ 50 ಲಕ್ಷ ಕೋಶ. ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ಎರಡು ಸಲ, 1 ಮಿಲಿಮೋಲಾರ್ ಇಡಿಟಿಎ ಇರುವ ಪಿಬಿಎಸ್‌ನಲ್ಲಿ ಒಂದು ಸಲ, ಮತ್ತೆ ಬರೀ ಪಿಬಿಎಸ್‌ನಲ್ಲಿ ಒಂದು ಸಲ ತೊಳೆಯಿರಿ. ಪೊರೆಯ ಹೊರಮೈಗೆ ಅಂಟಿದ ತಾಮ್ರ ಇಡಿಟಿಎಗೆ ಬರುತ್ತದೆ. ಆ ಹಂತ ಬಿಟ್ಟರೆ ಒಳಗಿನದೂ ಹೊರಗಿನದೂ ಕಲಸಿಹೋಗುತ್ತದೆ. ಸ್ವಲ್ಪ ಕೋಶವನ್ನು ಎಣಿಕೆಗೂ ಪ್ರೋಟೀನ್ ಅಳತೆಗೂ ತೆಗೆದಿಟ್ಟು, ಉಳಿದದ್ದಕ್ಕೆ ಟ್ರೇಸ್-ಮೆಟಲ್ ದರ್ಜೆಯ 70% ನೈಟ್ರಿಕ್ ಆಮ್ಲ 100 ಮೈಕ್ರೊಲೀಟರ್. ಪಾಲಿಪ್ರೊಪಿಲೀನ್ ಟ್ಯೂಬಿನಲ್ಲಿ ಮುಚ್ಚಳ ಪೂರ್ತಿ ಬಿಗಿಯದೆ, ಫ್ಯೂಮ್ ಹುಡ್ ಒಳಗೆ, 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ದ್ರವ ತಿಳಿಯಾಗುವ ತನಕ. ಆಮೇಲೆ ಶುದ್ಧ ನೀರಿನಿಂದ 3.5 ಮಿಲಿಲೀಟರಿಗೆ ತಂದರೆ ಆಮ್ಲ 2% ಆಗುತ್ತದೆ.

ತಾಮ್ರ-63 ಇರುವ ತೂಕದಲ್ಲೇ ಆರ್ಗಾನ್ ಮತ್ತು ಸೋಡಿಯಂ ಕೂಡಿದ ಅಯಾನೂ ಬರುತ್ತದೆ (40 ಮತ್ತು 23 ಸೇರಿದರೆ 63). ಪಿಬಿಎಸ್ ಪೂರ್ತಿ ಹೀರಿ ತೆಗೆಯದಿದ್ದರೆ ಉಪ್ಪೇ ತಾಮ್ರವಾಗಿ ಕಾಣುತ್ತದೆ. ಹೀಲಿಯಂ ಕೊಲಿಷನ್ ಮೋಡ್ ಹಾಕಿ, ತಾಮ್ರ-65 ಅನ್ನೂ ಅಳೆಯಿರಿ. ನಿಸರ್ಗದಲ್ಲಿ 63 ಮತ್ತು 65ರ ಪ್ರಮಾಣ 69.2ಕ್ಕೆ 30.8, ಅಂದರೆ ಸುಮಾರು 2.25. ನಿಮ್ಮ ಅನುಪಾತ ಅದಕ್ಕಿಂತ ಮೇಲಿದ್ದರೆ ಸೋಡಿಯಂ ಕಾಟ, ಕೆಳಗಿದ್ದರೆ ಗಂಧಕದ ಕಾಟವನ್ನು ಅನುಮಾನಿಸಿ. ಆಂತರಿಕ ಮಾನಕವಾಗಿ ಗ್ಯಾಲಿಯಂ ಅಥವಾ ರೋಡಿಯಂ.

ಟ್ಯೂಬು, ಟಿಪ್ಪುಗಳನ್ನೆಲ್ಲ 10% ನೈಟ್ರಿಕ್ ಆಮ್ಲದಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಬೇಕು. ಗಾಜು ಬೇಡ, ಬಣ್ಣದ ಟಿಪ್ ಬೇಡ, ಪೌಡರ್ ಇರುವ ಗ್ಲೌಸ್ ಬೇಡ (ಸತು ತುಂಬಿರುತ್ತದೆ). ಕೋಶವಿಲ್ಲದ ಖಾಲಿ ಟ್ಯೂಬನ್ನು ಎಲ್ಲ ಹಂತ ದಾಟಿಸಿ ಕನಿಷ್ಠ ಮೂರು ಬ್ಲಾಂಕ್ ಇಡಿ. ಕಬ್ಬಿಣ, ಸತುವನ್ನೂ ಅದೇ ಓಟದಲ್ಲಿ ಅಳೆಯಿರಿ. ಡಿಫೆರಾಕ್ಸಮೀನ್ ಪ್ರಶ್ನೆಗೆ ಕಬ್ಬಿಣದ ಅಂಕಿ ಹೇಗೂ ಬೇಕು.

ಯಂತ್ರ ಸಿಗದಿದ್ದರೆ ಮೆಟಲೊಥಯೊನೀನ್ (ಲೋಹ ಹಿಡಿದಿಡುವ ಪ್ರೋಟೀನ್) ಜೀನ್‌ನ ಆರ್‌ಎನ್ಎ ನೋಡಿ. ಲೋಹ ಒಳಗೆ ಹೋದ ಕೆಲವೇ ಗಂಟೆಗಳಲ್ಲಿ ಏರುತ್ತದೆ. ಸತುವಿಗೂ ಏರುತ್ತದೆ, ಹಾಗಾಗಿ ಇದು ಸುಳಿವು ಮಾತ್ರ.

---

ವಾರ್ಡುಕಡೆಯವ

ಡೈಸಲ್ಫಿರಾಮ್ ಕುರಿತು. ಅದನ್ನು ‘ಇನ್ನೊಂದು ಕ್ಯುಪ್ರೊಪ್ಟೋಸಿಸ್ ಔಷಧಿ’ ಎಂದು ಇಟ್ಟುಕೊಳ್ಳಬೇಡಿ. ದೇಹದಲ್ಲಿ ಅದು ಡೈಈಥೈಲ್ ಡೈಥಯೊಕಾರ್ಬಮೇಟ್ ಆಗಿ, ಎರಡು ಅಣು ಒಂದು ತಾಮ್ರವನ್ನು ಹಿಡಿಯುತ್ತವೆ. ಆ ಸಂಕೀರ್ಣ ಎನ್‌ಪಿಎಲ್4 ಎಂಬ ಪ್ರೋಟೀನನ್ನು ಗಂಟುಕಟ್ಟಿಸಿ ಕೋಶದ ಕಸ ವಿಲೇವಾರಿಯನ್ನೇ ಕೆಡಿಸುತ್ತದೆ ಎಂದು 2017ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ತಾಮ್ರ ಹೊರುತ್ತದೆ ನಿಜ, ಇಳಿಸುವ ಜಾಗ ಬೇರೆ. ಎಫ್‌ಡಿಎಕ್ಸ್1 ತೆಗೆದ ಕೋಶದಲ್ಲಿ ಎರಡನ್ನೂ ಹೋಲಿಸಿದರೆ ಮಾತ್ರ ಅದು ಅರ್ಥವಿರುವ ಕಂಟ್ರೋಲ್ ಆಗುತ್ತದೆ. ಲ್ಯಾಬ್‌ನಲ್ಲಿ ಇನ್ನೊಂದು ಕಿರಿಕಿರಿ: ಆ ಸಂಕೀರ್ಣ ನೀರಿನಲ್ಲಿ ಕರಗದೆ ಕಂದು ಕಣಗಳಾಗಿ ಕೂರುತ್ತದೆ, ಆಗ ನೀವು ಕೊಟ್ಟ ಡೋಸ್ ಬಾಟಲಿಯ ಲೇಬಲ್ ಮೇಲೆ ಮಾತ್ರ ಇರುತ್ತದೆ. ಚಿಕಿತ್ಸೆಯ ಕಡೆಯೂ ಉತ್ಸಾಹ ತಗ್ಗಿದೆ. ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾದಲ್ಲಿ ಕೀಮೋ ಜೊತೆ ಡೈಸಲ್ಫಿರಾಮ್ ಮತ್ತು ತಾಮ್ರ ಸೇರಿಸಿದ ಯಾದೃಚ್ಛಿಕ ಪ್ರಯೋಗದ ವರದಿ 2023ರಲ್ಲಿ ಬಂತು, ಆಯುಷ್ಯ ಹೆಚ್ಚಲಿಲ್ಲ, ಅಡ್ಡಪರಿಣಾಮ ಹೆಚ್ಚಿತು.

ಎಲೆಸ್ಕ್ಲೊಮಾಲ್‌ನದೇ ಕಥೆ ನಿಮ್ಮ ಗ್ಯಾಲಕ್ಟೋಸ್ ಪ್ಲೇಟಿಗೆ ಹೊಂದುತ್ತದೆ. ಮೆಲನೋಮಾದಲ್ಲಿ 651 ರೋಗಿಗಳ ಮೂರನೇ ಹಂತದ ಪ್ರಯೋಗ, ಪ್ಯಾಕ್ಲಿಟ್ಯಾಕ್ಸೆಲ್ ಜೊತೆ. ಔಷಧಿ ಪಡೆದ ಗುಂಪಿನಲ್ಲಿ ಸಾವು ಹೆಚ್ಚು ಕಂಡು 2009ರಲ್ಲಿ ನಿಲ್ಲಿಸಿದರು. ಆಮೇಲೆ ಬಿಡಿಸಿ ನೋಡಿದಾಗ, ರಕ್ತದ ಎಲ್‌ಡಿಎಚ್ (ಗ್ಲೈಕಾಲಿಸಿಸ್‌ಗೆ ಸಂಬಂಧಿಸಿದ ಕಿಣ್ವ) ಸಾಮಾನ್ಯ ಮಟ್ಟದಲ್ಲಿದ್ದವರಲ್ಲಿ ಮಾತ್ರ ರೋಗ ಮುಂದುವರಿಯುವುದು ತಡವಾಗಿತ್ತು. ಎಲ್‌ಡಿಎಚ್ ಏರಿದ ಗಡ್ಡೆ ಗ್ಲೈಕಾಲಿಸಿಸ್ ಕಡೆ ವಾಲಿರುತ್ತದೆ, ತಾಮ್ರಕ್ಕೆ ಗುರಿ ಸಿಗುವುದಿಲ್ಲ. ಆಗ ಕಾರ್ಯವಿಧಾನ ತಿಳಿದಿರಲಿಲ್ಲ, ರೋಗಿಗಳನ್ನು ಆರಿಸಿರಲಿಲ್ಲ.

ಅದೇ ಅಣು ಇನ್ನೊಂದು ಕಡೆ ಜೀವ ಉಳಿಸಿದೆ. ಮೆಂಕೆಸ್ ರೋಗದಲ್ಲಿ ತಾಮ್ರ ಸಾಗಿಸುವ ಪ್ರೋಟೀನ್ ಎಟಿಪಿ7ಎ ಕೆಟ್ಟು ತಾಮ್ರ ಕರುಳಿನಿಂದಾಚೆಗೆ, ಮಿದುಳಿಗೆ ತಲುಪುವುದಿಲ್ಲ. 2020ರಲ್ಲಿ ಆ ರೋಗದ ಇಲಿಮರಿಗಳಿಗೆ ಎಲೆಸ್ಕ್ಲೊಮಾಲ್ ಚುಚ್ಚಿದಾಗ ಮಿದುಳಿನ ಮೈಟೊಕಾಂಡ್ರಿಯಕ್ಕೆ ತಾಮ್ರ ಸೇರಿ ಸೈಟೊಕ್ರೋಮ್ ಆಕ್ಸಿಡೇಸ್ ಚೇತರಿಸಿತು, ಮರಿಗಳು ಬದುಕಿದವು. ಲೋಹ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿಗೆ ಹೋಯಿತು ಎನ್ನುವುದೇ ಈ ಕ್ಷೇತ್ರದ ಪ್ರಶ್ನೆ.

ತೆಗೆಯುವ ಕಡೆಯೂ ಅಷ್ಟೆ. ಪಾರ್ಕಿನ್ಸನ್‌ನಲ್ಲಿ ಮಿದುಳಿನ ಕಬ್ಬಿಣ ಏರುತ್ತದೆ ಎಂದು ಡಿಫೆರಿಪ್ರೋನ್ ಕೊಟ್ಟು ನೋಡಿದರು: 372 ಹೊಸ ರೋಗಿಗಳು, ಕಿಲೊಗೆ 15 ಮಿಲಿಗ್ರಾಂ ದಿನಕ್ಕೆರಡು ಸಲ, 36 ವಾರ, 2022ರಲ್ಲಿ ಫಲಿತಾಂಶ. ಕಬ್ಬಿಣ ಇಳಿಯಿತು, ರೋಗಿಗಳು ಹದಗೆಟ್ಟರು. ರೋಗದ ತೀವ್ರತೆಯ ಅಂಕ ಔಷಧಿಯ ಗುಂಪಿನಲ್ಲಿ 15.6 ಏರಿತು, ಪ್ಲಸೀಬೊದಲ್ಲಿ 6.3. ಅಲ್ಲಿ ಹೆಚ್ಚಿದ್ದಷ್ಟೂ ಕೆಟ್ಟದ್ದು. ಡೋಪಮಿನ್ ತಯಾರಿಸುವ ಟೈರೊಸಿನ್ ಹೈಡ್ರಾಕ್ಸಿಲೇಸ್‌ಗೇ ಕಬ್ಬಿಣ ಬೇಕು, ಮತ್ತು ಈ ರೋಗಿಗಳು ಲೆವೊಡೋಪಾ ಶುರು ಮಾಡಿರಲಿಲ್ಲ. ಇದು ಬಲವಾದ ವಿವರಣೆ. ನಿಮ್ಮ ಡಿಫೆರಾಕ್ಸಮೀನ್ ರಾತ್ರಿಯಲ್ಲಿ ಆದದ್ದೂ ಇದೇ ಬಗೆಯದು: ಕೆಟ್ಟ ಕಬ್ಬಿಣ ತೆಗೆಯಲು ಹೋಗಿ ಕೆಲಸದ ಕಬ್ಬಿಣವೂ ಹೋಯಿತು.

---

ಲಿಪಾಯ್ಲ್

ಒಂದು ಸಣ್ಣ ತಕರಾರು. ಎಲ್‌ಡಿಎಚ್ ವಿಶ್ಲೇಷಣೆಯಲ್ಲಿ ಸಿಕ್ಕಿದ್ದು ಉಪಗುಂಪಿನ ಫಲಿತಾಂಶ. ಒಟ್ಟು ಪ್ರಯೋಗ ಸೋತ ಮೇಲೆ ಉಪಗುಂಪಿನಲ್ಲಿ ಕಂಡ ಲಾಭವನ್ನು ಸುಳಿವು ಎನ್ನಬಹುದು, ಪುರಾವೆ ಎನ್ನಲಾಗದು. ಕಾರ್ಯವಿಧಾನದೊಡನೆ ಹೊಂದುತ್ತದೆ, ಒಪ್ಪುತ್ತೇನೆ.

---

ವಾರ್ಡುಕಡೆಯವ

ಸರಿ, ‘ಸುಳಿವು’ ಎಂದೇ ಓದಿಕೊಳ್ಳಿ. ಲೋಹ ಎಲ್ಲಿದೆ ಎಂಬ ಮಾತಿಗೆ ವಿಲ್ಸನ್ ರೋಗದ (ದೇಹದಲ್ಲಿ ತಾಮ್ರ ಕೂಡಿಕೊಳ್ಳುವ ಕಾಯಿಲೆ) ಮೂತ್ರ ಪರೀಕ್ಷೆಗಿಂತ ಸ್ಪಷ್ಟ ಉದಾಹರಣೆ ಇಲ್ಲ. ಪೆನಿಸಿಲಮಿನ್ ತಾಮ್ರವನ್ನು ಮೂತ್ರಕ್ಕೆ ಎಳೆಯುತ್ತದೆ, ನಿರ್ವಹಣೆಯ ಹಂತದಲ್ಲಿ 24 ಗಂಟೆಯ ಮೂತ್ರದಲ್ಲಿ 200-500 ಮೈಕ್ರೊಗ್ರಾಂ ಇದ್ದರೆ ಔಷಧಿ ಸರಿಯಾಗಿ ನಡೆದಿದೆ. ಸತು ಕರುಳಿನ ಕೋಶದಲ್ಲಿ ಮೆಟಲೊಥಯೊನೀನ್ ಹೆಚ್ಚಿಸಿ ತಾಮ್ರವನ್ನು ಅಲ್ಲೇ ಕಟ್ಟಿಹಾಕುತ್ತದೆ, ಆ ಕೋಶ ಉದುರಿದಾಗ ಮಲದಲ್ಲಿ ಹೋಗುತ್ತದೆ. ಹಾಗಾಗಿ ಸತುವಿನ ಮೇಲಿರುವವರಲ್ಲಿ ಅದೇ ಪರೀಕ್ಷೆ 75ಕ್ಕಿಂತ ಕೆಳಗಿರಬೇಕು. ಯಾವ ಔಷಧಿ ಎಂದು ಬರೆಯದೆ ಬಂದ ರಿಪೋರ್ಟಿನ ಅಂಕಿಗೆ ಅರ್ಥವೇ ಇಲ್ಲ.

---

ಕೋಶಪಾಲ

ಧನ್ಯವಾದ. ಯೋಜನೆ ಬದಲಾಯಿತು: 1 ಮೈಕ್ರೊಮೋಲಾರ್ ತಾಮ್ರ ಎಲ್ಲೆಡೆ, ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎರಡು ಪ್ಲೇಟ್, 2 ಗಂಟೆ ಪಲ್ಸ್, ಕಿಲೇಟರ್‌ಗಳು ಮೂರು ವೇಳೆಯಲ್ಲಿ, ಟ್ರೊಲಾಕ್ಸ್, ಲಿಪೋಯಿಕ್ ಬ್ಲಾಟ್. ಪಲ್ಸ್ ಆದ ಮೇಲೆ ಪಿಬಿಎಸ್‌ನಲ್ಲಿ ತೊಳೆದರೆ ಸಾಕೇ?

---

ಉಸಿರುಪೆಟ್ಟಿಗೆ

ಸಾಲದು. ಎಲೆಸ್ಕ್ಲೊಮಾಲ್ ಜಿಡ್ಡಿನ ಸ್ವಭಾವದ್ದು, ಪ್ಲಾಸ್ಟಿಕ್‌ಗೂ ಪೊರೆಗೂ ಅಂಟಿಕೊಂಡು ಆಮೇಲೆ ಮೆಲ್ಲಗೆ ಬಿಡುತ್ತದೆ, ನಿಮ್ಮ 2 ಗಂಟೆ 20 ಗಂಟೆಯಾಗುತ್ತದೆ. 10% ಸೀರಮ್ ಇರುವ ಬೆಚ್ಚಗಿನ ಮೀಡಿಯಂನಲ್ಲಿ ಮೂರು ಸಲ ತೊಳೆಯಿರಿ, ಪ್ರತಿ ಸಲ ಐದು ನಿಮಿಷ ಬಿಟ್ಟು ತೆಗೆಯಿರಿ. ಅಂಟಿದ್ದನ್ನು ಆಲ್ಬುಮಿನ್ ಹೊತ್ತುಕೊಂಡು ಹೋಗುತ್ತದೆ. ಕೊನೆಯ ತೊಳೆದ ಮೀಡಿಯಂ ಅನ್ನು ಔಷಧಿ ಕಾಣದ ಹೊಸ ಕೋಶಗಳ ಮೇಲೆ ಹಾಕಿ 72 ಗಂಟೆ ಬಿಡಿ. ಅವು ಸತ್ತರೆ ಇನ್ನೊಂದು ಸಲ ತೊಳೆಯಬೇಕು.